ಶಕುಂತಲೆಯ ಕಿವಿಯ ಬಾಗೆ ಹೂ

ಚಿತ್ರವೊಂದನ್ನು ಹೇಗೆ ನೋಡಬೇಕು, ಹೇಗೆ ತೂಗಬೇಕು ಎಂಬುದಕ್ಕೆ ನನಗೆ ಸಿಕ್ಕಿರುವ ಅತಿ ಸೂಕ್ಷ್ಮ ಪಾಠ ಯಾವ ಕಲಾವಿಮರ್ಶೆಯ ಪುಸ್ತಕದ್ದೂ ಅಲ್ಲ. ಅದು ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕದಲ್ಲಿದೆ. ಉಂಗುರ ಸಿಕ್ಕಿದೆ, ಮರೆವು ಕಳೆದಿದೆ, ಶಕುಂತಲೆ ಮಾತ್ರ ಇಲ್ಲ. ದುಷ್ಯಂತ ತಾನೇ ಕುಂಚ ಹಿಡಿದು ಆಕೆಯ ಚಿತ್ರ ಬರೆದಿದ್ದಾನೆ. ದಾಸಿ ಚತುರಿಕೆ ಚಿತ್ರಫಲಕವನ್ನು ತಂದು ಹಿಡಿದಾಗ ವಿದೂಷಕ ಅದನ್ನು ನೋಡುತ್ತಾನೆ. ಮೂವರು ಹೆಣ್ಣುಮಕ್ಕಳಿದ್ದಾರೆ, ಮೂವರೂ ಚೆಲುವೆಯರು, ಇವರಲ್ಲಿ ಶಕುಂತಲೆ ಯಾರು? ಅವನು ಮುಖ ನೋಡಿ ಉತ್ತರ ಹೇಳುವುದಿಲ್ಲ. ಮುಡಿ ಸಡಿಲಗೊಂಡು ಅದರೊಳಗಿನ ಹೂ ಜಾರುತ್ತಿದೆ, ಹಣೆಯಲ್ಲಿ ಬೆವರ ಹನಿ ಇದೆ, ತೋಳು ಸೋತು ಇಳಿಬಿದ್ದಿವೆ, ಪಕ್ಕದಲ್ಲಿ ಈಗಷ್ಟೇ ನೀರುಂಡು ಮಿನುಗುವ ಮಾವಿನ ಚಿಗುರಿದೆ. ಆಕೆಯೇ ಇರಬೇಕು ಎನ್ನುತ್ತಾನೆ. ಸರಿಯಾದ ಊಹೆ.

ಮುಂದಿನದು ಇನ್ನೂ ಸೊಗಸು. ರಾಜ ತನ್ನ ಚಿತ್ರದ ಕುಂದುಗಳನ್ನು ತಾನೇ ತೋರಿಸುತ್ತಾನೆ. ಅಂಚಿನಲ್ಲಿ ಬೆವರಿದ ಬೆರಳಿನ ಗುರುತು ಬಿದ್ದಿದೆ. ಕೆನ್ನೆಯ ಮೇಲೆ ಅವನದೇ ಕಣ್ಣೀರು ಬಿದ್ದು ಬಣ್ಣ ಉಬ್ಬಿದೆ. ಇಂದು ಹರಾಜು ಸಂಸ್ಥೆಗಳು ಚಿತ್ರದ ಜೊತೆ ಲಗತ್ತಿಸುವ ಸ್ಥಿತಿಗತಿಯ ವರದಿಯಲ್ಲಿ ಬರೆಯುವುದೂ ಇದನ್ನೇ. ಆಮೇಲೆ ಅವನು ಕೊರತೆಗಳನ್ನು ಎಣಿಸುತ್ತಾನೆ. ಮಾಲಿನಿ ನದಿಯ ಮರಳಲ್ಲಿ ಹಂಸದ ಜೋಡಿ ಬರಬೇಕು, ನಾರುಮಡಿ ಒಣಹಾಕಿದ ಮರ ಬರಬೇಕು, ಆ ಮರದ ಕೆಳಗೆ ಗಂಡು ಕೃಷ್ಣಮೃಗದ ಕೋಡಿಗೆ ತನ್ನ ಎಡಗಣ್ಣು ಉಜ್ಜಿಕೊಳ್ಳುವ ಹೆಣ್ಣುಜಿಂಕೆ ಬರಬೇಕು. ಅಷ್ಟಾದರೂ ಅವನಿಗೆ ತೃಪ್ತಿಯಿಲ್ಲ. ಮುಖ್ಯವಾದುದೇ ಬಿಟ್ಟುಹೋಗಿದೆ: ಕಿವಿಗೆ ಸಿಕ್ಕಿಸಿದ ಶಿರೀಷ ಪುಷ್ಪ, ಅದರ ಕೇಸರಗಳು ಕೆನ್ನೆಯವರೆಗೆ ಇಳಿದಿರಬೇಕು. ಎದೆಯ ಮೇಲೆ ತಾವರೆ ದಂಟಿನ ನೂಲಿನ ಹಾರ. ಹೂವಿಲ್ಲದೆ ಚಿತ್ರ ಅಪೂರ್ಣ ಎಂಬುದು ಚಿತ್ರಕಾರನದೇ ತೀರ್ಪು.

ಶಿರೀಷವೆಂದರೆ ನಮ್ಮ ಬಾಗೆ. ಕಲಬುರಗಿಯಿಂದ ಆಳಂದದ ಕಡೆ ಹೊರಟರೆ ಎರೆ ಹೊಲಗಳ ನಡುವೆ ರಸ್ತೆಯ ಪಕ್ಕದಲ್ಲಿ ಒಣಗಿದ ಚಪ್ಪಟೆ ಕಾಯಿಗಳನ್ನು ಗಾಳಿಗೆ ಗಲಗಲ ಆಡಿಸುತ್ತ ನಿಲ್ಲುವ ಮರ. ಬೇಸಿಗೆಯ ಉರಿಯಲ್ಲಿ, ಉಳಿದ ಗಿಡಗಳೆಲ್ಲ ಬಾಡಿದಾಗ, ತಿಳಿಹಸಿರು ಬೆರೆತ ಬಿಳಿ ಕೇಸರಗಳ ಗುಚ್ಛ ಬಿಡುತ್ತದೆ. ಈ ಹೂವಿಗೆ ಎಸಳು ಕಾಣುವುದೇ ಇಲ್ಲ, ಬರೀ ಎಳೆಗಳು. ಬೆರಳಲ್ಲಿ ಮುಟ್ಟಿದರೆ ಕುಗ್ಗುತ್ತದೆ. ನಾಟಕ ಶುರುವಾಗುವುದೂ ಗ್ರೀಷ್ಮದಲ್ಲೇ ಎಂಬುದನ್ನು ನೆನೆದರೆ, ಕಾಳಿದಾಸ ಕಂಡದ್ದನ್ನೇ ಬರೆದ ಕವಿ ಎನ್ನುವುದು ಮನದಟ್ಟಾಗುತ್ತದೆ. ಆ ಎಳೆಗಳನ್ನು ಬಣ್ಣದಲ್ಲಿ ಹಿಡಿಯುವುದು ಕಷ್ಟ. ಹಿಡಿದವನು ದೊಡ್ಡ ಚಿತ್ರಕಾರ.

ಸಾಹಿತ್ಯದ ನಾಯಕಿಯೊಬ್ಬಳು ಹೂಗಳ ನಡುವೆ, ಅರ್ಧ ಕನಸಿನಲ್ಲಿ ಕುಳಿತ ಚಿತ್ರ ಎದುರಿಗೆ ಬಂದಾಗ ನಾನು ಮೊದಲು ಹೂವನ್ನು ನೋಡುತ್ತೇನೆ, ಮುಖವನ್ನು ಆಮೇಲೆ. ಮುಖಕ್ಕೆ ರೂಪದರ್ಶಿ ಸಿಗುತ್ತಾಳೆ, ಛಾಯಾಚಿತ್ರ ಸಿಗುತ್ತದೆ, ಬೇರೆ ಚಿತ್ರಕಾರನ ಕೃತಿಯಿಂದ ಎರವಲು ತರಬಹುದು. ಹೂವಿನಲ್ಲಿ ಚಿತ್ರಕಾರ ಒಬ್ಬಂಟಿ. ಅವನು ಎಷ್ಟು ನೋಡಿದ್ದಾನೆ, ಎಷ್ಟು ಓದಿದ್ದಾನೆ, ಎಲ್ಲಿ ಬೇಸತ್ತು ಕೈಬಿಟ್ಟಿದ್ದಾನೆ, ಎಲ್ಲವೂ ಅಲ್ಲಿ ಬಯಲಾಗುತ್ತದೆ.

ನರೋಣಾದ ಪಡಸಾಲೆಯಲ್ಲಿ

ಆಳಂದ ತಾಲ್ಲೂಕಿನ ನರೋಣಾದಲ್ಲಿ ಗೆಳೆಯರೊಬ್ಬರ ಹಳೆಯ ಮಾಳಿಗೆ ಮನೆ ಇದೆ. ಶಹಾಬಾದ್ ಫರ್ಸಿ ಹಾಸಿದ ಪಡಸಾಲೆ, ಮೂಲೆಯಲ್ಲಿ ತೊಗರಿ ಚೀಲಗಳು. ಗೋಡೆಯ ಮೇಲೆ ದೇವರ ಫೋಟೊಗಳ ಸಾಲಿನಿಂದ ಸ್ವಲ್ಪ ದೂರ ಸರಿದು ಒಂದು ಶಕುಂತಲೆ. ಮನೆಯ ಅಜ್ಜ ಕಲಬುರಗಿಯ ಗಂಜಿಗೆ ತೊಗರಿ ಮಾರಲು ಹೋದಾಗ ಅಡತಿ ಅಂಗಡಿಯವರು ಕೊಟ್ಟದ್ದಂತೆ. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಎಸೆಯಲು ಮನಸ್ಸಾಗದೆ ಗಾಜು ಹಾಕಿ ಕಟ್ಟಿಸಿದ್ದಾರೆ. ಈಗ ಮನೆ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ. ಯಾರೋ ಬಂದವರು ಇದು ಕಲಬುರಗಿಯ ಚಿತ್ರಕಾರ ಎಸ್.ಎಂ. ಪಂಡಿತರ ಚಿತ್ರ, ಲಕ್ಷಗಟ್ಟಲೆ ಬಾಳುತ್ತದೆ ಎಂದು ಹೇಳಿ ಹೋಗಿದ್ದಾರೆ. ಗೆಳೆಯರಿಗೆ ನಿದ್ದೆಯಿಲ್ಲ.

ಚಿತ್ರವನ್ನು ಗೋಡೆಯಿಂದ ಇಳಿಸಿ ಹಿಂದಿನ ರಟ್ಟು ತೆಗೆದೆವು. ಗೆದ್ದಲು ರಟ್ಟಿನ ಒಂದು ಮೂಲೆಯನ್ನು ತಿಂದಿತ್ತು, ಪುಣ್ಯಕ್ಕೆ ಚಿತ್ರದ ಕಾಗದಕ್ಕೆ ಬಂದಿರಲಿಲ್ಲ. ಕಾಗದದ ಕೆಳಭಾಗದಲ್ಲಿ ಎರಡು ಚಿಕ್ಕ ತೂತು, ಸುತ್ತ ತುಕ್ಕಿನ ಕಂದು ಬಣ್ಣ: ತಿಂಗಳ ಹಾಳೆಗಳ ಕಟ್ಟನ್ನು ಪಿನ್ ಹೊಡೆದು ಕೂಡಿಸಿದ್ದ ಜಾಗ. ಮೇಲಂಚಿನಲ್ಲಿ ತಗಡಿನ ಪಟ್ಟಿ ಒತ್ತಿದ ಗೆರೆ. ಅಂಗಡಿಯ ಹೆಸರು, ಮುದ್ರಕರ ಹೆಸರು, ಚಿತ್ರಕಾರನ ಸಹಿ ಇರಬಹುದಾಗಿದ್ದ ಅಂಗುಲದಷ್ಟು ಅಂಚನ್ನು ಕಟ್ಟು ಹಾಕುವವನು ಚೌಕಟ್ಟಿನ ಅಳತೆಗೆ ಕತ್ತರಿಸಿ ಹಾಕಿದ್ದಾನೆ. ಭೂತಕನ್ನಡಿ ಇಟ್ಟು ನೋಡಿದರೆ ಕೆನ್ನೆಯ ಮೇಲೆ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳ ಕ್ರಮಬದ್ಧ ಜಾಲ. ಆಫ್‌ಸೆಟ್ ಮುದ್ರಣ. ಕಲ್ಲಚ್ಚಿನ ಹಳೆಯ ಮುದ್ರಣವಾಗಿದ್ದರೆ ಚುಕ್ಕೆಗಳು ಹೀಗೆ ಸಾಲಾಗಿ ನಿಲ್ಲುವುದಿಲ್ಲ, ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಕೈಯಿಂದ ಬರೆದ ಮೂಲವಾಗಿದ್ದರೆ ಚುಕ್ಕೆಯೇ ಇರುವುದಿಲ್ಲ, ಕುಂಚದ ಎಳೆತ ಕಾಣುತ್ತದೆ. ಬೆಲೆಯ ಪ್ರಶ್ನೆ ಅಲ್ಲಿಗೆ ಬಹುಪಾಲು ಮುಗಿಯಿತು. ಆದರೆ ಬರೆದವರು ಯಾರು ಎಂಬ ಪ್ರಶ್ನೆ ಮುಗಿಯಲಿಲ್ಲ.

ಗೆಳೆಯರ ತಾಯಿ, ಎಂಬತ್ತು ದಾಟಿದ ಆಯಿ, ಇದನ್ನೆಲ್ಲ ಕಂಬಕ್ಕೊರಗಿ ನೋಡುತ್ತಿದ್ದರು. ಆಕೆ ಹೇಳಿದ ಮಾತೇ ಅಂದಿನ ನಿಜವಾದ ವಿಮರ್ಶೆ.

"ಆಕಿ ಕಿವ್ಯಾಗ ಗುಲಾಬಿ ಇಟ್ಟಾನ ನೋಡು ತಮ್ಮಾ. ಋಷಿ ಆಶ್ರಮದಾಗ ಗುಲಾಬಿ ಎಲ್ಲಿಂದ ಬರ್ಬೇಕು? ನಾ ಸಣ್ಣಾಕಿ ಇದ್ದಾಗ ಜಾತ್ರ್ಯಾಗ ನಾಟಕ ನೋಡೀನಿ, ಶಕುಂತಲಿ ಹಿಂಗ ಗುಲಾಬಿ ಇಟಗೊಂಡಿದ್ದಿಲ್ಲ."

ನಿಜ. ಆಕೆ ಕುಳಿತ ಬಂಡೆಯ ಮುಂದಿನ ಕೊಳದಲ್ಲಿ ಅರಳಿದ ತಾವರೆ ಚೆನ್ನಾಗಿದೆ, ಎಲೆಯ ಮೇಲೆ ನೀರು ನಿಂತ ಪರಿ ಕೂಡ ಸರಿಯಾಗಿದೆ. ಬೆನ್ನ ಹಿಂದಿನ ಬಳ್ಳಿಯ ಹೂಗಳಿಗೆ ಐದೈದು ಎಸಳು, ಎಲೆ ಮಾತ್ರ ಯಾವ ಗಿಡದ್ದೂ ಅಲ್ಲ. ಕಿವಿಯಲ್ಲಿ ಕೆಂಪು ಗುಲಾಬಿ. ಅದು ಆಶ್ರಮದಿಂದ ಬಂದದ್ದಲ್ಲ, 1950ರ ದಶಕದ ಹಿಂದಿ ಸಿನಿಮಾದ ನಾಯಕಿಯ ಮುಡಿಯಿಂದ ಬಂದದ್ದು. ಅದಕ್ಕಿಂತ ಮುಖ್ಯವಾದ ಸಂಗತಿ ಬೆಳಕಿನದು. ಮುಖದ ಮೇಲೆ ಎಡಗಡೆಯಿಂದ ಬೆಚ್ಚನೆಯ ಹಳದಿ ಬೆಳಕು ಬಿದ್ದಿದೆ, ಬೆನ್ನಿನ ಕಡೆಯಿಂದ ತಣ್ಣನೆಯ ನೀಲಿ ಬೆಳಕು ಭುಜದ ಅಂಚನ್ನು ಹಿಡಿದಿದೆ. ಹೂಗಳು ಮಾತ್ರ ಎಲ್ಲ ಕಡೆಯಿಂದಲೂ ಒಂದೇ ಸಮ ಬೆಳಗುತ್ತಿವೆ. ಎಂದರೆ ಚಿತ್ರಕಾರ ಹೆಣ್ಣನ್ನು ಬರೆದು ಮುಗಿಸಿ, ಉಳಿದ ಜಾಗಕ್ಕೆ ಹೂ ತುಂಬಿದ್ದಾನೆ. ಈ ಕಾರಣಕ್ಕೇ ಇದು ಪಂಡಿತರದ್ದಲ್ಲ ಎಂದು ನಾನು ಹೇಳಿದೆ. ಅವರ ದಾರಿಯಲ್ಲಿ ನಡೆದ, ಹೆಸರು ಉಳಿಯದ ಯಾವನೋ ಚಿತ್ರಕಾರನ ಕೆಲಸ. ಗೆಳೆಯರು ಸ್ವಲ್ಪ ಸಪ್ಪಗಾದರು. ಆಯಿಗೆ ಏನೂ ಅನ್ನಿಸಲಿಲ್ಲ, "ಯಾರ್ ಬರದ್ರೇನು, ಚಂದ ಕಾಣ್ತದ" ಎಂದು ಮತ್ತೆ ಅದೇ ಮೊಳೆಗೆ ತೂಗುಹಾಕಿಸಿದರು.

ಕಲಬುರಗಿಯಿಂದ ಶಿವಾಜಿ ಪಾರ್ಕಿಗೆ

ಹಾಗಾದರೆ ಪಂಡಿತರ ಬೆಳಕು ಎಂಥದು? ಸಾಂಬಾನಂದ ಮೋನಪ್ಪ ಪಂಡಿತ ಹುಟ್ಟಿದ್ದು 1916ರಲ್ಲಿ, ನಿಜಾಮರ ಆಳ್ವಿಕೆಯ ಕಲಬುರಗಿಯಲ್ಲಿ. ಮೊದಲ ಗುರು ಊರಿನಲ್ಲೇ ಇದ್ದ ಚಿತ್ರಕಲಾ ಶಿಕ್ಷಕ ಶಂಕರರಾವ ಆಳಂದಕರ. ಆ ಹೆಸರಿನಲ್ಲಿ ನಮ್ಮ ಆಳಂದವೂ ಸೇರಿಕೊಂಡಿದೆ ಎಂಬುದು ಈ ಭಾಗದವನಾದ ನನಗೆ ಅಭಿಮಾನದ ಸಂಗತಿ. ಮುಂದೆ ಮದರಾಸಿನ ಕಲಾಶಾಲೆ, ಅಲ್ಲಿಂದ ಮುಂಬೈಯಲ್ಲಿ ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾ ಮಂದಿರ, ಬಳಿಕ ಜೆ.ಜೆ. ಕಲಾಶಾಲೆ. ದೇಹದ ಭಾರವನ್ನು, ಸ್ನಾಯುವಿನ ತಿರುವನ್ನು, ನೆಲಕ್ಕೆ ಊರಿದ ಪಾದದ ಒತ್ತಡವನ್ನು ಅವರು ಕಲಿತದ್ದು ಆ ಶಾಲೆಗಳ ಶಿಸ್ತಿನಲ್ಲಿ.

ಕನಸನ್ನು ಕಲಿತದ್ದು ಬೇರೆ ಕಡೆ. 1930ರ ದಶಕದ ಕೊನೆಯಿಂದ ಅವರು ಸಿನಿಮಾ ಪ್ರಚಾರಕ್ಕೆ ಬರೆಯತೊಡಗಿದರು. ಬಾಬುರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳು, 1949ರ 'ಬರ್ಸಾತ್' ಚಿತ್ರದ ಪೋಸ್ಟರ್ ಅವರ ಕೈಯಿಂದ ಬಂದವು. 1940ರ ದಶಕದಲ್ಲಿ ಮುಂಬೈಯ ಶಿವಾಜಿ ಪಾರ್ಕಿನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದರು. ಹಾಲಿವುಡ್ಡಿನ ಪ್ರಚಾರ ಚಿತ್ರಗಳನ್ನು ನೋಡಿ, ಗ್ವಾಶ್ ಎನ್ನುವ ದಪ್ಪ, ಅಪಾರದರ್ಶಕ ಜಲವರ್ಣವನ್ನು ತಮ್ಮದಾಗಿಸಿಕೊಂಡರು. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು, ಪ್ರಚಾರದವರು ಕಾಯುವವರಲ್ಲ. ಗ್ವಾಶ್ ಬೇಗ ಒಣಗುತ್ತದೆ, ಕಪ್ಪಿನ ಮೇಲೆ ಬಿಳಿಯನ್ನು ಧೈರ್ಯವಾಗಿ ಇಡಬಹುದು, ಮುದ್ರಣದ ಕ್ಯಾಮರಾಕ್ಕೆ ಹೊಳಪಿನ ಕಾಟ ಕೊಡುವುದಿಲ್ಲ. ಸ್ಟುಡಿಯೊದಲ್ಲಿ ನಟಿಯ ಬೆನ್ನ ಹಿಂದೆ ದೀಪವಿಟ್ಟು ಕೂದಲಿನ ಅಂಚು ಬೆಳಗಿಸುವ ಛಾಯಾಗ್ರಾಹಕರ ಉಪಾಯವನ್ನು ಅವರು ಪುರಾಣಕ್ಕೆ ತಂದರು. ಮೇನಕೆ, ದಮಯಂತಿ, ಶಕುಂತಲೆ, ರಾಧೆ ಎಲ್ಲರೂ ಆ ಬೆಳಕಿನಲ್ಲಿ ಹೊಸದಾಗಿ ಹುಟ್ಟಿದರು. ಕ್ಯಾಲೆಂಡರುಗಳ ಮೂಲಕ ದೇಶದ ಮೂಲೆಮೂಲೆಯ ಗೋಡೆಗೆ ಹೋದರು.

ಅವರ ಒಳ್ಳೆಯ ಚಿತ್ರಗಳಲ್ಲಿ ಬೆಳಕು ಹೂವಿನಿಂದಲೇ ಹೊರಟಂತೆ ಕಾಣುತ್ತದೆ. ಹೆಣ್ಣಿನ ತೋಳಿನ ಮೇಲಿನ ಕಿತ್ತಳೆ ಹೊಳಪು ಪಕ್ಕದ ಹೂವಿನ ಎಸಳಿನ ಮೇಲೂ ಅದೇ ಕೋನದಲ್ಲಿ ಬಿದ್ದಿರುತ್ತದೆ, ಹೂವಿನ ನೆರಳು ಚರ್ಮಕ್ಕೆ ನೀಲಿಯಾಗಿ ಅಂಟಿರುತ್ತದೆ. ಹೆಣ್ಣು ಬೇರೆ, ವನ ಬೇರೆ ಎನ್ನಿಸುವುದಿಲ್ಲ. ಅವರ ಜೊತೆ ಕೆಲಸ ಮಾಡಿ ಬೆಳೆದ ರಘುವೀರ ಮುಳಗಾಂವಕರ್ ಅವರ ನಾಯಕಿಯರು ಇನ್ನೂ ಮೃದು, ಸ್ಪ್ರೇ ಬಳಸಿದ್ದರಿಂದ ಚರ್ಮದ ಮೇಲೆ ಕುಂಚದ ಗುರುತೇ ಇರುವುದಿಲ್ಲ. ಮರಾಠಿ ದೀಪಾವಳಿ ಸಂಚಿಕೆಗಳನ್ನು ಕಂಡವರಿಗೆ ಆ ನಯ ಗೊತ್ತು. ಪಂಡಿತರಲ್ಲಿ ಕುಂಚ ಮರೆಯಾಗುವುದಿಲ್ಲ. ಭುಜದ ಅಂಚಿನಲ್ಲಿ ದಪ್ಪ ಬಣ್ಣ ಒಂದೇ ಎಳೆತಕ್ಕೆ ನಿಂತಿರುತ್ತದೆ. ತಮಿಳುನಾಡಿನ ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು ಅವರ ಶಾಂತ, ನೇರ ನೋಟದ ದೇವತೆಗಳ ಪಕ್ಕದಲ್ಲಿಟ್ಟರೆ ಪಂಡಿತರ ಚಿತ್ರ ನಡುಗುವಂತೆ ಕಾಣುತ್ತದೆ.

ದೂರುವವರಿದ್ದಾರೆ. ಇವು ಮೈ ತೋರಿಸುವ ಚಿತ್ರಗಳು, ಸಿನಿಮಾ ಪೋಸ್ಟರಿನ ಅಭಿರುಚಿ ಪುರಾಣಕ್ಕೆ ಅಂಟಿತು ಎನ್ನುತ್ತಾರೆ. ಮೇನಕೆಯ ವಿಷಯದಲ್ಲಿ ಈ ದೂರನ್ನು ನಾನು ಒಪ್ಪುತ್ತೇನೆ. ಅಲ್ಲಿ ಕೆಲವೊಮ್ಮೆ ದೇಹವೇ ಎಲ್ಲವನ್ನೂ ನುಂಗಿದೆ. ಆದರೆ ಪಂಡಿತರು ಕಾಳಿಯ ಉಪಾಸಕರೂ ಆಗಿದ್ದರು. ಅವರಿಗೆ ಹೆಣ್ಣಿನ ದೇಹದ ಬೆಳಕು ಮಾರುಕಟ್ಟೆಯ ಆಮಿಷವಷ್ಟೇ ಆಗಿರಲಿಲ್ಲ. ಬದುಕಿನ ಉತ್ತರಾರ್ಧದಲ್ಲಿ ಪ್ರಚಾರದ ಕೆಲಸ ಕಡಿಮೆ ಮಾಡಿ ದೊಡ್ಡ ಅಳತೆಯ ಪುರಾಣ ಚಿತ್ರಗಳಿಗೆ ತಮ್ಮನ್ನು ಒಪ್ಪಿಸಿಕೊಂಡರು. ತೀರಿಕೊಂಡದ್ದು 1993ರಲ್ಲಿ.

ಪಂಡಿತರಿಗಿಂತ ಮೊದಲು ಈ ದಾರಿಯಲ್ಲಿ ನಡೆದವರು ರಾಜಾ ರವಿವರ್ಮ. 1894ರಲ್ಲಿ ಅವರು ತೆರೆದ ಮುದ್ರಣಾಲಯದಿಂದ ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ. ಪಾದಕ್ಕೆ ದರ್ಭೆ ಚುಚ್ಚಿದ ನೆಪದಲ್ಲಿ ಹಿಂತಿರುಗಿ ನೋಡುವ ಅವರ ಶಕುಂತಲೆಯನ್ನು ಕಾಣದ ಕನ್ನಡಿಗರು ಕಡಿಮೆ. ಅಲ್ಲಿ ಹಗಲು ನಿಚ್ಚಳವಾಗಿದೆ, ಕಾಡು ಕಾಡಾಗಿಯೇ ಇದೆ. ಅದು ನಾಟಕದ ಒಂದು ಕ್ಷಣ, ಕನಸಲ್ಲ. ನಾಟಕದ ಶಕುಂತಲೆ ನಮ್ಮ ಉತ್ತರ ಕರ್ನಾಟಕದಲ್ಲಿ ಬೇಗ ಬೇರೂರಿದ್ದಳು. ಚುರಮುರಿ ಶೇಷಗಿರಿರಾಯರು ಅವಳನ್ನು ಕನ್ನಡ ರಂಗಕ್ಕೆ ತಂದ ಒಂದೇ ದಶಕದಲ್ಲಿ, 1880ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗೀತ ಶಾಕುಂತಲ ಪುಣೆಯಲ್ಲಿ ರಂಗವೇರಿತು. ಕಂಪನಿ ನಾಟಕಗಳ ಬಣ್ಣದ ಪರದೆಗಳಲ್ಲಿ ಆಶ್ರಮ, ಕೊಳ, ಬಳ್ಳಿ ಊರೂರು ಸುತ್ತಿದವು. ನರೋಣಾದ ಆಯಿ ಜಾತ್ರೆಯಲ್ಲಿ ಕಂಡದ್ದು ಈ ವಂಶದ ಶಕುಂತಲೆಯನ್ನೇ.

ಹೂದಾನಿಯಿಂದ ಹುಟ್ಟಿದ ಒಫೀಲಿಯಾ

ಹೂಗಳ ನಡುವಿನ ನಾಯಕಿ ಎಂದಾಗ ಯೂರೋಪಿನವರಿಗೆ ಥಟ್ಟನೆ ನೆನಪಾಗುವವಳು ಹ್ಯಾಮ್ಲೆಟ್ ನಾಟಕದ ಒಫೀಲಿಯಾ. ಕನ್ನಡದ ಓದುಗರಿಗೆ ಆಕೆಯ ದುಃಖ ಕುವೆಂಪು ಅವರ 'ರಕ್ತಾಕ್ಷಿ' ನಾಟಕದ ಮೂಲಕ, ಬಿದನೂರಿನ ಅರಮನೆಯ ಕತೆಯಾಗಿ ಪರಿಚಿತ. ಅವಳ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ನಾನು ಹೇಳುತ್ತಿರುವುದು ಸ್ಪಷ್ಟವಾದೀತು.

ಮೊದಲನೆಯದು ಜಾನ್ ಎವರೆಟ್ ಮಿಲೇ 1851–52ರಲ್ಲಿ ಬರೆದದ್ದು, ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಮಿಲೇ ಸರ‍್ರೆ ಪ್ರಾಂತದ ಹಾಗ್ಸ್‌ಮಿಲ್ ಎಂಬ ಹೊಳೆಯ ದಂಡೆಯಲ್ಲಿ ತಿಂಗಳುಗಟ್ಟಲೆ ಕುಳಿತು ಗಿಡಗಂಟಿಗಳನ್ನು ಎಲೆ ಎಲೆಯಾಗಿ ಬರೆದ. ಚಳಿಗಾಲದಲ್ಲಿ ಊರಿಗೆ ಮರಳಿ, ಎಲಿಜಬೆತ್ ಸಿಡಲ್ ಎಂಬ ತರುಣಿಯನ್ನು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸಿ ನಾಯಕಿಯನ್ನು ಸೇರಿಸಿದ. ನೀರು ಬೆಚ್ಚಗಿರಲೆಂದು ಕೆಳಗಿಟ್ಟ ದೀಪಗಳು ಒಮ್ಮೆ ಆರಿಹೋಗಿ ಆಕೆ ಕಾಯಿಲೆ ಬಿದ್ದಳು. ಆ ಚಿತ್ರದ ಗಸಗಸೆ, ವಯೊಲೆಟ್, ಗುಲಾಬಿ ಪ್ರತಿಯೊಂದನ್ನೂ ಸಸ್ಯಶಾಸ್ತ್ರಜ್ಞರು ಹೆಸರಿಟ್ಟು ಗುರುತಿಸಬಲ್ಲರು. ಅಪಾರ ಶ್ರಮ, ಅಪಾರ ಸತ್ಯ. ಹೆಣ್ಣು ಮಾತ್ರ ಕೊನೆಗೆ ಬಂದು ಸೇರಿದವಳು.

ಎರಡನೆಯದು ಒಡಿಲೋನ್ ರೆಡೋನ್ ಎಂಬ ಫ್ರೆಂಚ್ ಚಿತ್ರಕಾರನದು, 1905ರಿಂದ 1908ರ ನಡುವೆ ಪ್ಯಾಸ್ಟೆಲ್ ಕಡ್ಡಿಯಲ್ಲಿ ಕಾಗದದ ಮೇಲೆ ಬರೆದದ್ದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1886ರಲ್ಲಿ ಕವಿ ಜಾನ್ ಮೊರೆಯಾಸ್ ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಪ್ರಕಟಿಸಿದ ಘೋಷಣೆಯಿಂದ ಹೆಸರು ಪಡೆದ ಸಾಂಕೇತಿಕ ಪಂಥಕ್ಕೆ ರೆಡೋನ್ ಸೇರಿದವನು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಮನಸ್ಸಿಗೆ ಕಂಡದ್ದನ್ನು ಬರೆಯಬೇಕು ಎನ್ನುವುದು ಆ ಪಂಥದ ಹಟ. ಐವತ್ತು ವಯಸ್ಸಿನವರೆಗೆ ಅವನು ಹೆಚ್ಚಾಗಿ ಇದ್ದಲಿನಲ್ಲಿ, ಕಪ್ಪಿನಲ್ಲೇ ಕೆಲಸ ಮಾಡಿದ. ಆಮೇಲೆ ಬಣ್ಣ ಒಮ್ಮೆಲೇ ಉಕ್ಕಿ ಬಂತು. ಈ ಒಫೀಲಿಯಾ ಚಿತ್ರ ಶುರುವಾದದ್ದು ಒಂದು ಹೂದಾನಿಯಾಗಿ. ಕಾಗದ ಉದ್ದಕ್ಕೆ ನಿಂತಿತ್ತು, ಮೇಲೆ ಹೂಗೊಂಚಲು, ಕೆಳಗೆ ದಾನಿ. ಒಂದು ಹಂತದಲ್ಲಿ ರೆಡೋನ್ ಅದನ್ನು ಅಡ್ಡಕ್ಕೆ ತಿರುಗಿಸಿದ. ಹೂಗೊಂಚಲು ನೀರಲ್ಲಿ ತೇಲುವ ಹೂಗಳಾಯಿತು, ದಾನಿ ಹಸಿರು ನೀಲಿ ನೆಲವಾಗಿ ಕರಗಿತು, ಒಂದು ಬದಿಯಲ್ಲಿ ಕಣ್ಣು ಮುಚ್ಚಿದಂಥ ಹೆಣ್ಣಿನ ಮುಖ ಮೂಡಿತು. ಇಲ್ಲಿ ಹೂವೇ ಮೊದಲು, ನಾಯಕಿ ಹೂವಿನಿಂದ ಹುಟ್ಟಿದವಳು. ಆ ಹೂಗಳಿಗೆ ಹೆಸರಿಲ್ಲ. ಹಾಗೆಂದು ರೆಡೋನ್ ಗಿಡಮೂಲ ತಿಳಿಯದವನಲ್ಲ. ಬೋರ್ದೊ ನಗರದ ಸಸ್ಯವಿಜ್ಞಾನಿ ಅರ್ಮಾಂ ಕ್ಲಾವೊ ಅವನ ಯೌವನದ ಗುರು ಹಾಗೂ ಸ್ನೇಹಿತ, ಸೂಕ್ಷ್ಮದರ್ಶಕದಲ್ಲಿ ಜೀವಲೋಕ ತೋರಿಸಿದವನು. ಹೂವನ್ನು ಪೂರ್ತಿ ಬಲ್ಲವನು ಹೆಸರು ಬಿಟ್ಟುಕೊಟ್ಟದ್ದಕ್ಕೂ, ತಿಳಿಯದವನು ಎಲೆ ತಪ್ಪಿ ಬರೆದದ್ದಕ್ಕೂ ಅಜಗಜಾಂತರವಿದೆ. ಬೆಲೆ ಕಟ್ಟುವವನು ಹಿಡಿಯಬೇಕಾದದ್ದು ಆ ಅಂತರವನ್ನು. ರೆಡೋನ್ ತೀರಿಕೊಂಡದ್ದು 1916ರ ಜುಲೈಯಲ್ಲಿ. ಅದೇ ವರ್ಷ ಕಲಬುರಗಿಯಲ್ಲಿ ಪಂಡಿತರು ಕೈಗೂಸು.

ಭಾರತದಲ್ಲಿ ಈ ಬಗೆಯ ಕನಸಿಗೆ ಹತ್ತಿರ ಬಂದವರು ಕಲಕತ್ತೆಯ ಅವನೀಂದ್ರನಾಥ ಠಾಕೂರರ ಬಳಗ. ಬರೆದ ಚಿತ್ರವನ್ನು ನೀರಲ್ಲಿ ಅದ್ದಿ, ಒಣಗಿಸಿ, ಮತ್ತೆ ಬರೆದು ಬಣ್ಣವನ್ನು ಮಂಜಿನಂತೆ ಮಾಡುವ ಕ್ರಮ ಅವರದು. ಆ ಬಳಗದಲ್ಲಿ ಮೈಸೂರು ಸೀಮೆಯ ಕೆ. ವೆಂಕಟಪ್ಪನವರೂ ಇದ್ದರು. ಅವರ ಕೃತಿಗಳನ್ನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ನೋಡಬಹುದು.

ವಿಜಯಪುರದ ಯೋಗಿನಿ

ಆದರೆ ಕನಸಿನ ಹೂವನ್ನು ಹುಡುಕಲು ನಾವು ಪ್ಯಾರಿಸ್ಸಿಗಾಗಲಿ ಕಲಕತ್ತೆಗಾಗಲಿ ಹೋಗಬೇಕಿಲ್ಲ. ಅಫಜಲಪುರದಿಂದ ಭೀಮೆ ದಾಟಿ ಪಶ್ಚಿಮಕ್ಕೆ ನಡೆದರೆ ವಿಜಯಪುರ. ಅಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದ. ಸಂಗೀತಗಾರ, ಸರಸ್ವತಿಯನ್ನು ನೆನೆದ ಸುಲ್ತಾನ. ಅವನ ಆಸ್ಥಾನದಲ್ಲಿ ಸುಮಾರು 1603–04ರಲ್ಲಿ ಬರೆದ ಒಂದು ಚಿಕ್ಕ ಚಿತ್ರವಿದೆ: ಗೊರವಂಕ ಹಿಡಿದ ಯೋಗಿನಿ. ಈಗ ಅದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ನೀಳವಾದ ಹೆಣ್ಣು, ಜಟೆಯನ್ನು ನೆತ್ತಿಯ ಮೇಲೆ ಕಟ್ಟಿದ್ದಾಳೆ, ಮೈತುಂಬ ಚಿನ್ನ. ಸನ್ಯಾಸಿನಿಯೋ ರಾಣಿಯೋ ಹೇಳಲಾಗದು. ಕೈಯ ಮೇಲೆ ಗೊರವಂಕ, ಅದರ ಕಿವಿಯಲ್ಲಿ ಏನೋ ಹೇಳುವಂತಿದ್ದಾಳೆ. ದೂರದಲ್ಲಿ ಅರಮನೆ ಪುಟ್ಟದಾಗಿದೆ. ಹತ್ತಿರದ ಹೂಗಿಡಗಳು ಮಾತ್ರ ಅಳತೆ ಮೀರಿ ಬೆಳೆದು ಆಕೆಗೆ ಸರಿಸಮ ನಿಂತಿವೆ. ಯಾವ ಹೊಲದಲ್ಲೂ ಅಷ್ಟು ದೊಡ್ಡ ಹೂ ಬಿಡುವುದಿಲ್ಲ. ಚಿತ್ರಕಾರನಿಗೆ ಅದು ಗೊತ್ತು. ಗೊತ್ತಿದ್ದೂ ಹಿಗ್ಗಿಸಿದ್ದಾನೆ, ಯಾಕೆಂದರೆ ಆ ಲೋಕದಲ್ಲಿ ಹೂವಿಗೂ ಹೆಣ್ಣಿಗೂ ಒಂದೇ ತೂಕ. ರೆಡೋನ್ ತನ್ನ ಕಾಗದ ತಿರುಗಿಸುವುದಕ್ಕೆ ಮುನ್ನೂರು ವರ್ಷ ಮೊದಲೇ ನಮ್ಮ ದಖ್ಖನಿನ ಒಬ್ಬ ಚಿತ್ರಕಾರ ಈ ಎತ್ತರ ಮುಟ್ಟಿದ್ದ. ಮುಂದೆ ಸುರಪುರದ ಗರುಡಾದ್ರಿ ಮನೆತನದವರ ಚಿನ್ನದ ರೇಖೆಯ ಚಿತ್ರಗಳಲ್ಲಿ ಹೂ ಬೇರೆ ರೂಪ ತಾಳಿ ಉಳಿಯಿತು. ಯೋಗಿನಿಯಿಂದ ಪಂಡಿತರವರೆಗೆ ನೇರ ವಂಶಾವಳಿ ಬರೆಯಲಾಗದು. ಆದರೂ ಕಲಬುರಗಿ, ವಿಜಯಪುರ, ಸುರಪುರಗಳ ಈ ಬಯಲಿನಲ್ಲಿ, ಮಳೆ ಕಡಿಮೆ ಬಿದ್ದು ಹೂ ಅಪರೂಪವಾದ ಕಡೆ, ಚಿತ್ರಗಳಲ್ಲಿ ಹೂ ಇಷ್ಟು ಧಾರಾಳವಾಗಿ ಅರಳಿತಲ್ಲ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಬೆಲೆ, ಕಾಯ್ದೆ ಮತ್ತು ಕಲಬುರಗಿ

ಇನ್ನು ದುಡ್ಡಿನ ಮಾತು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ನೂರು ವರ್ಷ ಆಗದಿದ್ದರೂ ಒಂಬತ್ತು ಮಂದಿ ಚಿತ್ರಕಾರರ ಕೃತಿಗಳು ರಾಷ್ಟ್ರದ ಕಲಾನಿಧಿ: ರವಿವರ್ಮ, ರವೀಂದ್ರನಾಥ, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ನಿಕೋಲಸ್ ರೋರಿಕ್, ಶೈಲೋಜ್ ಮುಖರ್ಜಿ. ಕನ್ನಡದ ನೆಲದಲ್ಲಿ ಹುಟ್ಟಿದವರೊಬ್ಬರೂ ಇದರಲ್ಲಿಲ್ಲ. ಪಂಡಿತರ 1940, 50ರ ದಶಕದ ಮೂಲ ಚಿತ್ರ ನಾಳೆ ವಿದೇಶದ ಗೋಡೆಗೆ ಹೋಗುವುದಾದರೆ ಈ ಕಾಯ್ದೆ ತಡೆಯುವುದಿಲ್ಲ. ಯೋಗಿನಿ ಡಬ್ಲಿನ್ನಿನಲ್ಲಿದ್ದಾಳೆ. ಪಂಡಿತರ ನಾಯಕಿಯರಿಗೂ ಅದೇ ಗತಿಯಾಗಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಮೂಲ ಚಿತ್ರಗಳು ಕಳೆದುಹೋಗುವ ಕಾರಣ ಬರೀ ಮಾರಾಟವಲ್ಲ. ಕ್ಯಾಲೆಂಡರಿಗೆ ಬರೆದ ಮೂಲವನ್ನು ಬಹುಕಾಲ ಯಾರೂ ಕಲಾಕೃತಿ ಎಂದೇ ಎಣಿಸಲಿಲ್ಲ, ಅಚ್ಚಿಗೆ ಬೇಕಾದ ಸಾಮಗ್ರಿ ಎಂದು ತಿಳಿದರು. ಅದರ ಮೇಲೆ ಗ್ವಾಶ್ ನಾಜೂಕಾದ ಮಾಧ್ಯಮ. ಒಂದು ಹನಿ ನೀರು ಬಿದ್ದರೆ ಬಣ್ಣ ಬಿಡುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕಲಬುರಗಿಯ ಬೇಸಿಗೆಗೆ ಸಿಪ್ಪೆ ಏಳುತ್ತದೆ. ದುಷ್ಯಂತನ ಚಿತ್ರದ ಕೆನ್ನೆ ಉಬ್ಬಿದ ಹಾಗೆಯೇ.

ಕಲಬುರಗಿಯಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರವಿದೆ. ಸಭೆ, ನಾಟಕ, ಸನ್ಮಾನಗಳ ಆಮಂತ್ರಣ ಪತ್ರಿಕೆಗಳಲ್ಲಿ ಅವರ ಹೆಸರು ಸ್ಥಳ ಎಂಬ ಪದದ ಮುಂದೆ ಅಚ್ಚಾಗುತ್ತಲೇ ಇರುತ್ತದೆ. ಒಳಗೆ ಕುಳಿತ ಹುಡುಗರನ್ನು ಪಂಡಿತರು ಬರೆದ ಒಂದು ಚಿತ್ರದ ಹೆಸರು ಹೇಳಿ ಎಂದರೆ ಉತ್ತರ ಬರುವುದು ಅಪರೂಪ. ಹೆಸರನ್ನು ಕಟ್ಟಡಕ್ಕೆ ಕೊಟ್ಟೆವು, ಚಿತ್ರವನ್ನು ಕಣ್ಣಿಗೆ ಕೊಡಲಿಲ್ಲ. ಇದು ನನಗೆ ನೋವಿನ ವಿಷಯ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕಲಬುರಗಿಯಲ್ಲಿ ಚಿತ್ರಕಲಾ ವಿದ್ಯಾಲಯಗಳಿವೆ, ಕಲಿಯುವ ಮಕ್ಕಳಿದ್ದಾರೆ, ಪ್ರತಿಯೊಬ್ಬರ ಕೈಯಲ್ಲಿ ಕ್ಯಾಮರಾ ಇರುವ ಫೋನಿದೆ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಹಳೆಯ ಮನೆಗಳನ್ನು ಕೆಡವುವ ಮೊದಲು ಗೋಡೆಯ ಮೇಲಿನ ಚಿತ್ರಗಳನ್ನು ದಾಖಲಿಸಬೇಕು. ಗಾಜು ತೆಗೆಯುವ ಗೊಡವೆ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಅದು ಕಾಗದವನ್ನು ಶಾಶ್ವತವಾಗಿ ಕೊಲ್ಲುತ್ತದೆ. ಪಡುವಣ ಬಿಸಿಲು ಬೀಳುವ ಗೋಡೆಯಿಂದ ಸರಿಸಿ, ಹಿಂದಿನ ರಟ್ಟು ಬದಲಿಸಿದರೆ ಇನ್ನಷ್ಟು ಕಾಲ ಬಾಳುತ್ತದೆ. ಬರೆದಿಡಬೇಕಾದದ್ದು ಇಷ್ಟು: ಅಳತೆ, ಮುದ್ರಣದ ಬಗೆ, ಮುದ್ರಕರ ಮತ್ತು ಅಂಗಡಿಯ ಹೆಸರು ಉಳಿದಿದ್ದರೆ ಅದು, ಸಹಿ, ಮನೆಗೆ ಬಂದ ಕತೆ, ಮನೆಯ ಹಿರಿಯರು ಚಿತ್ರದ ಬಗ್ಗೆ ಹೇಳುವ ಮಾತು. ಜೊತೆಗೆ ಬೆಳಕು ಯಾವ ಕಡೆಯಿಂದ ಬಂದಿದೆ, ನಾಯಕಿಯ ಸುತ್ತ ಯಾವ ಹೂ ಇದೆ, ಕಿವಿಯಲ್ಲಿ ಯಾವ ಹೂ ಇದೆ ಎಂಬುದನ್ನೂ ಬರೆಯಬೇಕು. ಸಹಿ ಕತ್ತರಿಸಿಹೋದ ನೂರಾರು ಚಿತ್ರಗಳಲ್ಲಿ ಪಂಡಿತರದ್ದು ಯಾವುದು, ಅವರ ಹಿಂದೆ ನಡೆದ ಅನಾಮಿಕರದ್ದು ಯಾವುದು ಎಂದು ಬೇರ್ಪಡಿಸಲು ಮುಂದೆ ಯಾರಾದರೂ ಕುಳಿತಾಗ ಅವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಆ ಕೊನೆಯ ಮೂರು ವಿವರಗಳೇ.